ಗಡಿಗೆಯಲ್ಲಿ ಇಳಿದ ಭಾರ

ದೆವ್ವ, ದೇವರು, ಮೈಮೇಲೆ ಬರುವುದು, ಕಣ್ಣು ತಾಗುವುದು, ಇವುಗಳಲ್ಲಿ ಯಾವುದನ್ನೂ ನಾನು ನಂಬಿದವನಲ್ಲ. ಗುಡಿ ಕಂಡರೆ ಕೈ ಮುಗಿಯುತ್ತೇನೆ, ಅದು ಬೇರೆ ಮಾತು. ಪೇಟೆಯಲ್ಲಿ ಬದುಕುವವನು ಎಲ್ಲರಿಗೂ ಕೈ ಮುಗಿಯಬೇಕಾಗುತ್ತದೆ. ಯಾರಾದರೂ ಬಂದು, ಅಲ್ಲಿ ಏನೋ ಐತಿ ಎಂದು ಪಿಸುಗುಟ್ಟಿದರೆ, ಹಾಗೆ ಹೇಳುವುದರಿಂದ ಇವನಿಗೇನು ಸಿಗುತ್ತದೆ ಎಂದು ನಾನು ಮೊದಲು ಲೆಕ್ಕ ಹಾಕುತ್ತಿದ್ದೆ. ನಿಮಗೂ ಅದೇ ಬುದ್ಧಿ ಹೇಳುತ್ತೇನೆ. ಈ ಬರಹವನ್ನೂ ಅದೇ ಕಣ್ಣಿನಿಂದ ಓದಿರಿ. ಇಂಥ ಕಥೆಗಳೆಲ್ಲ ಸಾಮಾನ್ಯವಾಗಿ ಕತ್ತಲಲ್ಲಿ ನಡೆಯುತ್ತವೆ, ಕಂಡವನೂ ಅರ್ಧ ನಿದ್ದೆಯಲ್ಲಿರುತ್ತಾನೆ. ನನ್ನದು ನಡೆದದ್ದು ಸುಡುವ ಮಧ್ಯಾಹ್ನ, ನಾಲ್ಕು ಮಂದಿಯ ಎದುರಿಗೆ, ಚೆನ್ನಾಗಿ ಎಚ್ಚರವಿದ್ದಾಗ. ಅದೇ ನನಗೆ ತೊಡಕು.

ನಾನು ಅಪ್ಪನ ಆಸ್ತಿಯಿಂದ ಮೇಲೆ ಬಂದವನಲ್ಲ. ಗಂಗಾವತಿಯ ಒಂದು ಅಡತಿ ಅಂಗಡಿಯಲ್ಲಿ ಚೀಲ ಹೊರಲು ಸೇರಿ, ತೂಗುವವನಾಗಿ, ಆಮೇಲೆ ಸ್ವಂತಕ್ಕೆ ಕೊಂಡು ಮಾರುವವನಾದೆ. ನನ್ನ ಬಂಡವಾಳವೆಂದರೆ ಎರಡು ಕೈ. ಶೇಂಗಾ ಚೀಲದ ಬಾಯಿ ಹಿಡಿದು ಒಂದಿಷ್ಟು ಮೇಲೆತ್ತಿದರೆ ಅದರ ತೂಕ ಹೇಳುತ್ತಿದ್ದೆ. ಒಳಗೆ ಮಣ್ಣು ಸೇರಿಸಿದ್ದರೆ, ನೀರು ಚಿಮುಕಿಸಿದ್ದರೆ ಅದೂ ಬೆರಳಿಗೆ ತಿಳಿಯುತ್ತಿತ್ತು. ಆಮೇಲೆ ತಕ್ಕಡಿಗೆ ಹಾಕಿದರೆ ತಕ್ಕಡಿಯೂ ನನ್ನ ಮಾತನ್ನೇ ಹೇಳುತ್ತಿತ್ತು. ಹಾಗೊಮ್ಮೆ ಹೇಳದಿದ್ದಾಗ ನಾವು ತಕ್ಕಡಿಯನ್ನು ತಿರುವಿ ನೋಡಿದೆವು. ತಟ್ಟೆಯ ತಳಕ್ಕೆ ಹುಣಸೆಹಣ್ಣು ಮೆತ್ತಿದ್ದರು. ಇದನ್ನು ಬಡಾಯಿಗೆ ಬರೆಯುತ್ತಿಲ್ಲ. ಮುಂದಿನ ಮಾತು ತಿಳಿಯಬೇಕಾದರೆ ನನ್ನ ಕೈ ಎಂಥವು ಎಂಬುದು ನಿಮಗೆ ಗೊತ್ತಿರಬೇಕು.

ಆಗ ಇನ್ನೂ ನಿಜಾಮನ ಕಾಲ. ತಾವರಗೇರಾದ ವ್ಯಾಪಾರಸ್ಥರು ಸೇರಿ ಪೇಟೆಗೊಂದು ದೊಡ್ಡ ಬಾವಿ ತೆಗೆಸಲು ನಿಶ್ಚಯಿಸಿ, ಕೆಲಸವನ್ನು ನನಗೆ ಒಪ್ಪಿಸಿದರು. ನನ್ನ ಹೆಸರಿನಲ್ಲಿ ಹಿಡಿದ ಮೊದಲ ದೊಡ್ಡ ಕೆಲಸ ಅದು. ನೀರೇನೋ ಬೇಗ ಸಿಕ್ಕಿತು. ಆದರೆ ಮೇಲಿನ ಮಣ್ಣು ಸಡಿಲು. ಮೃಗಶಿರಾ ಮಳೆ ಬೀಳುವುದರೊಳಗೆ ಸುತ್ತ ಕಲ್ಲು ಕಟ್ಟದಿದ್ದರೆ ಬಾವಿ ಕುಸಿದು, ಬೇಸಿಗೆಯಿಡೀ ತೋಡಿದ್ದೆಲ್ಲ ಮತ್ತೆ ಕೆಸರಿನ ಹುದುಲಾಗುತ್ತಿತ್ತು. ಜೊತೆಗೆ ನನ್ನ ಹೆಸರೂ. ಚೀಲ ಹೊರುತ್ತಿದ್ದವನು ಚೀಲವನ್ನೇ ಹೊರಬೇಕಿತ್ತು ಎಂದು ಆಡಿಕೊಳ್ಳಲು ಕಾದು ಕೂತವರು ಪೇಟೆಯಲ್ಲಿ ಬೇಕಾದಷ್ಟು ಇದ್ದರು. ಇರಕಲ್ಲಗಡದ ಕಡೆಯಿಂದ ಗಟ್ಟಿ ಕಲ್ಲು ತರಿಸಬಹುದಿತ್ತು. ಅದನ್ನು ಒಡೆದು, ಕೆತ್ತಿ, ಬಂಡಿಯ ಮೇಲೆ ಅಷ್ಟು ದೂರ ತರುವಷ್ಟರಲ್ಲಿ ಮಳೆ ಬಂದುಬಿಡುವ ಹೆದರಿಕೆ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಹಾಳುಬಿದ್ದ ಒಂದು ಗುಡಿ. ಕುಷ್ಟಗಿ ದಾರಿಯಿಂದ ಒಳಗೆ ಸರಿದರೆ ಒಂದು ಸಣ್ಣ ಊರು, ಹೆಸರು ಬೇಡ. ಊರಾಚೆ ಹೊಲದ ನಡುವೆ ಗುಡಿ. ಮುಂದಿನ ಮಂಟಪ ಎಂದೋ ಬಿದ್ದಿತ್ತು, ಒಳಗಿನ ಲಿಂಗ ಒಡೆದುಹೋಗಿ ಬರೀ ಪೀಠ ಉಳಿದಿತ್ತು. ಆದರೆ ಮೇಲಿನ ಶಿಖರ ಮಾತ್ರ ಅಲುಗದೆ ನಿಂತಿತ್ತು. ಬೊಂಬೆಗಿಂಬೆ ಇಲ್ಲದ ಸಾದಾ ಶಿಖರ. ಚಪ್ಪಟೆ ಕಲ್ಲಿನ ಚೌಕದ ಮೇಲೆ ಅದಕ್ಕಿಂತ ಸಣ್ಣ ಚೌಕ, ಅದರ ಮೇಲೆ ಇನ್ನೂ ಸಣ್ಣದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ತುದಿಯಲ್ಲಿ ಗಂಟೆಯಂಥ ಒಂದು ಗುಂಡುಕಲ್ಲು. ನೋಡಿದವರು ಎಂಥ ಚೆಂದ ಎನ್ನುತ್ತಿದ್ದರೋ ಏನೋ. ನಾನು ಕಂಡದ್ದು ಕೆತ್ತಿ ಸಿದ್ಧವಾಗಿಟ್ಟ ಬಾವಿಯ ಕಲ್ಲು. ಗುಡಿ ಇದ್ದ ಹೊಲದ ಒಡೆಯನ ಜೊತೆ ಕೂತು, ಚಹಾ ಕುಡಿದು, ಕಲ್ಲಿನ ಬೆಲೆಯ ಮಾತು ಮುಗಿಸಿಕೊಂಡೆ. ನಮ್ಮ ಕೆಲಸದ ಮೇಸ್ತ್ರಿ ಖಾಸಿಂಸಾಬ ಆಳುಗಳನ್ನೂ ಹಾರೆಗಳನ್ನೂ ತಂದು ಅಲ್ಲೇ ಬೇವಿನ ಮರದಡಿ ಇಳಿದ.

ಕೆಲಸ ಮಾತ್ರ ಸಾಗಲಿಲ್ಲ. ಎರಡನೆಯ ದಿನ ಹೋಗಿ ನೋಡಿದರೆ ಒಂದು ಕಲ್ಲೂ ಕೆಳಗಿಳಿದಿಲ್ಲ. ಖಾಸಿಂಸಾಬ ಕೈ ಚೆಲ್ಲಿದ.

“ನನಗೇನ ಅಡ್ಡಿಲ್ರಿ ಸಾವ್ಕಾರ್ರ. ಈ ಮಂದಿ ಒಲ್ಲೆ ಅಂತಾರ. ಹಾರಿ ಎತ್ರೋ ಅಂದ್ರ ಬೀಡಿ ಎತ್ತತಾರ. ಆ ಮುದುಕೀನ್ನ ಒಂದ ಮಾತ ಕೇಳಿಬಿಡ್ರಿ.”

ಮುದುಕಿ ಎಂದರೆ ಆ ಗುಡಿಯ ಪೂಜಾರಿ ಮನೆತನದ ಹಂಪವ್ವ. ಗಂಡ ಸತ್ತ ಮೇಲೆ ಖಾಲಿ ಪೀಠಕ್ಕೆ ದಿನಾ ಒಂದು ತಂಬಿಗೆ ನೀರು ಹಾಕುತ್ತಿದ್ದವಳು ಆಕೆಯೊಬ್ಬಳೇ. ಅಷ್ಟೇನೂ ಮುಪ್ಪಾಗಿರಲಿಲ್ಲ; ನಾಲಿಗೆಯಂತೂ ಹರೆಯದ್ದೇ. ಇವಳಿಗೆ ಏನು ಬೇಕು ಎಂದು ಮೊದಲೇ ಅಂದಾಜು ಮಾಡಿಕೊಂಡು ಹೋದೆ: ಒಂದು ಸೀರೆ, ಒಂದು ಚೀಲ ಜೋಳ. ಎರಡನ್ನೂ ಹೇಳಿ ನೋಡಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀವು ಕಲ್ಲ ಕೊಂಡೀರಿ. ಅದರ ಮ್ಯಾಲೆ ಕುಂತಾಂವನ್ನ ಕೊಂಡಿಲ್ಲ. ಅಂವನ್ನ ಇಳಿಸಿ ನನ್ನ ಕೈಯಾಗ ಕೊಡ್ರಿ. ಆಮ್ಯಾಲೆ ಕಲ್ಲ ಬಾವಿಗಿ ಹಾಕ್ರಿ, ಬೇಕಾರ ತಲಿ ಮ್ಯಾಲೆ ಹೊತಗೊಂಡ ಕುಣೀರಿ.”

ಆ ಊರಿನ ಕಟ್ಟಳೆ ಹೀಗಿತ್ತು. ಶಿಖರದ ಮೆಟ್ಟಿಲುಗಳು ಮನುಷ್ಯರು ಏರಲು ಮಾಡಿದವಲ್ಲ, ದೇವರು ಇಳಿಯಲು ಮಾಡಿದವು. ಒಳಗಿನ ಲಿಂಗ ಒಡೆದ ಮೇಲೆ ಇಳಿಯಲು ಕಲ್ಲಿಲ್ಲದೆ ಅವನು ತುದಿಯಲ್ಲೇ ಕೂತಿದ್ದಾನೆ. ಶಿಖರ ಬಿಚ್ಚುವುದಾದರೆ ಹೊಸ ಗಡಿಗೆಯಲ್ಲಿ ನೀರು ತುಂಬಿ ತುದಿಗೆ ಒಯ್ದು, ಸ್ವಲ್ಪ ಹೊತ್ತು ಇಟ್ಟು, ಆ ನೀರಿನಲ್ಲಿ ಅವನನ್ನು ಇಳಿಸಿ ತರಬೇಕು. ಒಂದೊಂದು ಥರದ, ಅಂದರೆ ಕಲ್ಲಿನ ಮೆಟ್ಟಿಲಿನ, ಮೇಲೂ ಗಡಿಗೆ ಇಡಬೇಕು, ‘ಇಳಿಯಪ್ಪಾ, ನೆಲ ಐತಿ’ ಎನ್ನಬೇಕು, ತಾನು ಕೆಳಗಿನ ಥರಕ್ಕೆ ಇಳಿದು ಗಡಿಗೆಯನ್ನು ಎತ್ತಿ ಇಳಿಸಿಕೊಳ್ಳಬೇಕು. ಯಾರಿಗೆ ಕಲ್ಲು ಬೇಕೋ ಅವರೇ ಇದನ್ನು ಮಾಡಬೇಕು. ಆಳಿನ ಕೈಯಲ್ಲಿ ಆಗದು, ಹೆಂಗಸರು ಏರುವಂತಿಲ್ಲ.

ನನಗೆ ಒಳಗೇ ನಗು. ಇಷ್ಟೇ ತಾನೆ? ಖರ್ಚಿಲ್ಲದ ಶರತ್ತು. ಆದರೂ ಖರ್ಚಿಲ್ಲದ ಶರತ್ತು ಯಾರಾದರೂ ಮುಂದಿಟ್ಟರೆ ಎಚ್ಚರವಾಗಿರಿ ಎನ್ನುವವನು ನಾನು. ಅವಳ ಮನೆಯ ಗಡಿಗೆ ಬೇಡವೆಂದು ತಾವರಗೇರಾದ ಕುಂಬಾರನ ಹತ್ತಿರ ನಾನೇ ಆರಿಸಿ ಹೊಸ ಗಡಿಗೆ ತಂದೆ. ತಟ್ಟಿ ನೋಡಿದೆ, ಒಳಗೆ ಕೈಯಾಡಿಸಿದೆ. ಹಳ್ಳದ ವರತೆಯಿಂದ ನಾನೇ ನೀರು ತುಂಬಿದೆ, ಬಾಯಿಗೆ ನನ್ನದೇ ಹೆಗಲ ಮೇಲಿನ ವಲ್ಲಿ ಕಟ್ಟಿದೆ. ಹಂಪವ್ವ ಗಡಿಗೆಯನ್ನು ಮುಟ್ಟಲಿಲ್ಲ. ಬೇವಿನ ಮರದಡಿ ಕೂತು ಎಲೆ ಅಡಿಕೆ ಹಾಕುತ್ತ, “ನೋಡ್ರಿ ಖಾಸಿಂಸಾಬರ, ಸಾವ್ಕಾರ್ರು ನೀರಿನ ಗಡಗಿಗೂ ಕಾವಲ ಕುಂದ್ರತಾರ” ಎಂದಳು. ಆಳುಗಳು ನಕ್ಕರು.

ಹೆಗಲ ಮೇಲೆ ಗಡಿಗೆ ಇಟ್ಟುಕೊಂಡು ಮುರಿದ ಗೋಡೆಯ ಕಡೆಯಿಂದ ಹತ್ತಿದೆ. ಹತ್ತುವಾಗ ಅದು ಎಷ್ಟು ತೂಗಬೇಕೋ ಅಷ್ಟೇ ತೂಗಿತು. ಇದನ್ನು ನೀವೂ ಗಮನಿಸಿರಿ, ನಾನಂತೂ ಗಮನಿಸಿದ್ದೆ. ತುದಿಯ ಗುಂಡುಕಲ್ಲಿನ ಪಕ್ಕ ಗಡಿಗೆ ಇಟ್ಟು ಬೆವರು ಒರೆಸಿಕೊಂಡೆ. ಸುತ್ತ ಬಿಸಿಲಿನಲ್ಲಿ ಬೆಂದ ಹೊಲಗಳು. ದೂರದಲ್ಲಿ ಮೋಡದ ಒಂದು ತುಣುಕು ಕಂಡಿತು, ನನಗೆ ಬಾವಿಯ ನೆನಪಾಗಿ ಅವಸರವಾಯಿತು. ಕೆಳಗಿನಿಂದ ಹಂಪವ್ವ, “ಕರೀರಿ, ಕರೀರಿ. ನಾಚಿಕಿ ಬ್ಯಾಡ” ಎಂದಳು. ಅರ್ಧ ಬಾಯಿಯಲ್ಲಿ, ಇಳಿಯಪ್ಪಾ, ನೆಲ ಐತಿ ಎಂದು, ಒಂದು ಥರ ಕೆಳಗಿಳಿದು ಗಡಿಗೆ ಎತ್ತಿದೆ.

ಮೊದಲ ಎರಡು ಮೂರು ಥರದಲ್ಲಿ ಏನೂ ಅನ್ನಿಸಲಿಲ್ಲ. ಆಮೇಲೊಂದು ಸಲ ಎತ್ತಿದಾಗ ಕೈ ತಾನಾಗಿಯೇ, ಇದು ಮೊದಲಿನ ತೂಕವಲ್ಲ ಎಂದಿತು. ಇಂಥದ್ದು ನನ್ನ ತಲೆಗೆ ಬರುವ ಮೊದಲು ನನ್ನ ಬೆರಳಿಗೆ ಬರುತ್ತದೆ. ಬಿಸಿಲಿನ ದಣಿವು ಎಂದುಕೊಂಡು ನಿಂತು ಉಸಿರು ಬಿಟ್ಟೆ. ಮುಂದಿನ ಥರದಲ್ಲಿ ಇನ್ನಷ್ಟು ಭಾರ. ಅದರ ಕೆಳಗೆ ಮತ್ತಷ್ಟು. ಹೊಸ ಗಡಿಗೆ ಬೆವರುತ್ತದೆ, ನೀರು ಜಿನುಗಿ ಹಗುರಾಗಬೇಕು. ಭಾರವಾಗುವ ಗಡಿಗೆಯನ್ನು ನಾನು ಕಂಡಿರಲಿಲ್ಲ. ವಲ್ಲಿ ಬಿಚ್ಚಿ ನೋಡಿದೆ. ನೀರು, ಅದರಲ್ಲಿ ನನ್ನ ಮುಖ. ಮತ್ತೆ ಕಟ್ಟಿದೆ. ಕೊನೆಯ ಅಗಲವಾದ ಥರಕ್ಕೆ ಬರುವಷ್ಟರಲ್ಲಿ ಶೇಂಗಾ ತುಂಬಿದ ಚೀಲ ಎತ್ತಿದಂತೆ ಸೊಂಟ ಕೊಟ್ಟು ಎತ್ತಬೇಕಾಯಿತು. ಮೊಣಕೈ ನಡುಗುತ್ತಿತ್ತು. ನೆಲಕ್ಕೆ ಇಳಿಸಿದಾಗ ಗಡಿಗೆ ಮಣ್ಣಿನಲ್ಲಿ ಹೂತುಹೋಗಬಹುದು ಅಂದುಕೊಂಡೆ. ಹೂತುಹೋಗಲಿಲ್ಲ. ಸುಮ್ಮನೆ ಕೂತಿತು.

ನಾನು ಯಾರಿಗೂ ಏನೂ ಹೇಳಲಿಲ್ಲ. ವ್ಯಾಪಾರದಲ್ಲಿ ಮೊದಲು ಬಾಯಿ ಬಿಟ್ಟವನು ಸೋತ. ಖಾಸಿಂಸಾಬನಿಗೆ, ಗಡಿಗೆ ಸ್ವಲ್ಪ ನೆರಳಿಗೆ ಇಡು ಎಂದೆ. ಅವನು ಕಂಠ ಹಿಡಿದು ಒಂದೇ ಕೈಯಲ್ಲಿ ಎತ್ತಿ, ಇನ್ನೊಂದು ಕೈಯಲ್ಲಿ ಬೀಡಿ ಹಿಡಿದು, ಬೇವಿನ ಮರದ ಕೆಳಗೆ ಇಟ್ಟು ಬಂದ. ನನ್ನ ಬಂಡಿಯಲ್ಲಿ ತೂಗುಗೋಲು ಸದಾ ಇರುತ್ತಿತ್ತು. ತರಿಸಿ, ಗಡಿಗೆಗೆ ಹಗ್ಗ ಕಟ್ಟಿ ತೂಗಿದೆ.

“ದೇವರನ್ನೂ ತೂಗ್ಯಾರ ನಮ್ಮ ಸಾವ್ಕಾರ್ರು” ಎಂದು ಒಬ್ಬ ಆಳು ಗೊಣಗಿದ.

ತೂಗುಗೋಲು ಹೇಳಿದ್ದು ಒಂದು ಗಡಿಗೆ ನೀರಿನ ತೂಕ, ಅಷ್ಟೇ. ಗೋಲನ್ನು ತಿರುವಿ ನೋಡಿದೆ, ಕೊಂಡಿ ನೋಡಿದೆ. ಮೋಸವಿಲ್ಲ. ಆಮೇಲೆ ಬಗ್ಗಿ ನಾನೇ ಗಡಿಗೆ ಎತ್ತಿದೆ. ಎರಡೂ ಕೈ ಜಗ್ಗಿ ಕೆಳಗೆ ಹೋದವು. ಗಡಿಗೆಯನ್ನು ಮೆಲ್ಲಗೆ ಮತ್ತೆ ನೆಲಕ್ಕಿಟ್ಟೆ.

ಮಾತು ತೆಗೆಯಬೇಕಲ್ಲ ಎಂದು, ಬೇರೆ ಏನೋ ಕೇಳುವವನಂತೆ ಹಂಪವ್ವನನ್ನು ಕೇಳಿದೆ: ಈ ಶಿಖರವನ್ನು ಹೀಗೆ ಮೇಲೆ ಸಣ್ಣ, ಕೆಳಗೆ ಅಗಲ ಯಾಕೆ ಕಟ್ಟಿದರು? ನೆಟ್ಟಗೆ ಕಟ್ಟಿದ್ದರೆ ಕಲ್ಲು ಉಳಿಯುತ್ತಿತ್ತಲ್ಲ?

“ನಮ್ಮತ್ತಿ ಹೇಳಿದ್ದ ಹೇಳತೀನಿ ಕೇಳ್ರಿ. ಮ್ಯಾಲೆ ತುದಿಯಾಗ ಅಂವ ಬರೇ ಗಾಳಿ. ತೂಕಿಲ್ಲ, ಮಾರಿಲ್ಲ. ಹಂಗ ಇಳದ ಬಂದ್ರ ನಮ್ಮ ಕೈಗಿ ಸಿಗಂಗಿಲ್ಲ. ಅದಕ್ಕ ಥರಕ್ಕೊಂದಿಷ್ಟ ಭಾರ ತಗೋತಾನ. ಭಾರ ಆದಂಗ ಕುಂದ್ರಾಕ ಜಾಗಾನೂ ದೊಡ್ಡದ ಬೇಕಲ್ರಿ, ಅದಕ್ಕ ಕೆಳಗ ಬಂದಂಗ ಅಗಲ. ಗುಡಿಯೊಳಗ ಬರೂದ್ರಾಗ ಕಲ್ಲ ಆಗಿರ್ತಾನ. ಕಲ್ಲ ಆದ್ರ ಮುಟ್ಟಬಹುದು, ನೀರ ಹಾಕಬಹುದು, ಸಿಟ್ಟ ಬಂದ್ರ ಬೈಬಹುದು.”

ಇದನ್ನು ಆಕೆ ಮೊದಲೇ ಹೇಳಿದ್ದರೆ, ಕೇಳಿದ ಮಾತು ನನ್ನ ತಲೆಯಲ್ಲಿ ಕೂತು ಕೈಗೆ ಭಾರ ತಂದಿತು ಎಂದು ನಾನೇ ಬಗೆಹರಿಸಿಕೊಳ್ಳುತ್ತಿದ್ದೆ. ಆಕೆ ಹೇಳಿದ್ದು ಆಮೇಲೆ. ನಾನು ಭಾರದ ಮಾತು ಎತ್ತಿಯೇ ಇರಲಿಲ್ಲ. ಹೌದು, ಮೇಲೆ ನಾನು ತಿಣುಕಾಡಿದ್ದನ್ನು ನೋಡಿ ಕಥೆ ಹೊಂದಿಸಿರಬಹುದು. ಖಾಸಿಂಸಾಬನ ಮೇಲೂ ನನಗೆ ಅನುಮಾನ ಬಂತು: ಇರಕಲ್ಲಗಡದಲ್ಲಿ ಕಲ್ಲು ಒಡೆಯುವವರು ಅವನ ಹೆಂಡತಿಯ ಅಣ್ಣಂದಿರು. ಈ ಶಿಖರ ಬಿಟ್ಟರೆ ಕೆಲಸ ಅವರಿಗೆ ಹೋಗುತ್ತದೆ. ಇಬ್ಬರೂ ಸೇರಿ ಏನೋ ಹೂಡಿದ್ದಾರೆ. ಆದರೆ ಏನು ಹೂಡಿದರು? ಗಡಿಗೆ ನನ್ನದು, ನೀರು ನಾನು ತುಂಬಿದ್ದು, ಕೈ ನನ್ನವು.

ಹಂಪವ್ವ ಎದ್ದು ಬಂದು ಗಡಿಗೆಯನ್ನು ನನ್ನ ಮುಂದಿನಿಂದ ಎತ್ತಿ, ದಿನದ ನೀರಿನ ಕೊಡದಂತೆ ಸೊಂಟಕ್ಕೆ ಇಟ್ಟುಕೊಂಡಳು. “ಆತ್ರಿ. ಅಂವ ಇಳದಾನ. ಈಗ ಆ ಶಿಖರ ಬರೇ ಕಲ್ಲ. ಒಯ್ರಿ” ಎಂದು ಮನೆಯ ಕಡೆ ಹೊರಟಳು.

ಖಾಸಿಂಸಾಬ ಹಾರೆ ಹಿಡಿದು ನನ್ನ ಮುಖ ನೋಡಿದ. ಆಳುಗಳೂ ಎದ್ದು ನಿಂತರು. ದೂರದ ಮೋಡದ ತುಣುಕು ಈಗ ಅಷ್ಟು ದೂರವಿರಲಿಲ್ಲ. ಬಾವಿಗೆ ಬೇಕಾದ ಕಲ್ಲು ಎದುರಿಗೇ ಇತ್ತು, ತಡೆಯುವವರು ಯಾರೂ ಇರಲಿಲ್ಲ. ಅಷ್ಟು ಹೊತ್ತು ಒಂದೊಂದು ಮಾತಿಗೂ ಜಗ್ಗಾಡಿದ ಹೆಂಗಸು ಏನೂ ಕೇಳದೆ ‘ಒಯ್ರಿ’ ಎಂದದ್ದೇ ನನ್ನನ್ನು ತಡೆಯಿತು. ಎದುರಿನವರು ಚೌಕಾಸಿ ಬಿಟ್ಟ ಜಾಗದಲ್ಲಿ ನಾನು ಎಂದೂ ಕೈ ಹಾಕಿದವನಲ್ಲ. ಬೇಡ, ಬಂಡಿ ಇರಕಲ್ಲಗಡಕ್ಕೆ ಕಟ್ಟು ಎಂದೆ. ಖಾಸಿಂಸಾಬ ಕಾರಣ ಕೇಳಲಿಲ್ಲ. ಕೇಳದೆ ಇದ್ದದ್ದೂ ನನಗೆ ಅನುಮಾನಕ್ಕೇ ಕಾರಣವಾಯಿತು.

ಆಮೇಲೆ ನಾವು ಪಟ್ಟ ಪಾಡು ಇರಲಿ. ಮಳೆ ಮೊದಲೇ ಬಂತು, ಬಾವಿಯ ಒಂದು ಬದಿ ಜಾರಿತು, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಕೊನೆಗೆ ಬಾವಿ ನಿಂತಿತು, ನನ್ನ ಹೆಸರೂ ನಿಂತಿತು. ಎತ್ತಿ ನೋಡಿ ತೂಕ ಹೇಳುವ ನನ್ನ ಕೈ ಮೊದಲಿನಂತೆಯೇ ನಡೆದವು. ಆ ಒಂದು ಮಧ್ಯಾಹ್ನ ಬಿಟ್ಟರೆ ಅವು ನನಗೆ ಸುಳ್ಳು ಹೇಳಿದ ನೆನಪಿಲ್ಲ. ಅಂದಿನದು ಬಿಸಿಲಿನ ಹೊಡೆತ ಎಂದು ತೀರ್ಮಾನಿಸಿ, ಯಾರಿಗೂ ಹೇಳದೆ ವರ್ಷಗಟ್ಟಲೆ ಸುಮ್ಮನಿದ್ದೆ.

ನಿಜಾಮನ ಆಡಳಿತ ಮುಗಿದ ಮೇಲೆ ಒಂದು ಬೇಸಿಗೆ, ಬೇರೆ ಕೆಲಸಕ್ಕೆ ಕುಷ್ಟಗಿಗೆ ಹೊರಟವನು ದಾರಿ ಬಿಟ್ಟು ಆ ಊರಿಗೆ ಹೋದೆ. ಶಿಖರ ಇದ್ದಂತೆಯೇ ಇತ್ತು. ಹಂಪವ್ವ ಈಗ ನಿಜಕ್ಕೂ ಮುದುಕಿಯಾಗಿದ್ದಳು, ಕಣ್ಣು ಮಂಜು. ದನಿಯಿಂದ ಗುರುತು ಹಿಡಿದಳು.

“ಬರ್ರಿ ತೂಗೂ ಸಾವ್ಕಾರ್ರ. ಬಾವಿ ಕಟ್ಟಿದ್ರಂತ, ಛಲೋ ಆತು.”

ಅಂಗಳದ ಮೂಲೆಯಲ್ಲಿ ಒಂದು ಸಣ್ಣ ಚಪ್ಪರ. ಅದರೊಳಗೆ ಕಲ್ಲಿನ ಮೇಲೆ ಅದೇ ಗಡಿಗೆ, ಮೈಯೆಲ್ಲ ಪಾಚಿಗಟ್ಟಿ ಹಸಿರಾಗಿತ್ತು. ಜಿನುಗಿ ಕಡಿಮೆಯಾದಷ್ಟು ನೀರನ್ನು ಆಕೆ ದಿನಾ ತುಂಬುತ್ತಿದ್ದಳಂತೆ. ಶಿಖರ ಬಿಚ್ಚಲಿಲ್ಲವಲ್ಲ, ಮತ್ತೆ ಮೇಲೆ ಒಯ್ದು ಇಡಬಹುದಿತ್ತಲ್ಲ ಎಂದೆ. ಇಳಿಸುವುದಕ್ಕೆ ಕಟ್ಟಳೆ ಇದೆ, ಏರಿಸುವುದಕ್ಕೆ ಇಲ್ಲ ಎಂದಳು. ಇಳಿಸಿದ ಮೇಲೂ ಕಲ್ಲು ಬೇಡ ಎನ್ನುವ ಮನುಷ್ಯ ಹುಟ್ಟುತ್ತಾನೆ ಎಂದು ಹಿರಿಯರಿಗೆ ಹೊಳೆದಿರಲಿಲ್ಲ.

ಆಕೆ ದನಿ ತಗ್ಗಿಸಿದಳು.

“ಒಂದ ಮಾತ ಕೇಳತೀನಿ, ಖರೇ ಹೇಳ್ರಿ. ಆವತ್ತ ನಿಮಗ ಭಾರ ಆತಲ್ಲ?”

ಆಯಿತು ಎಂದೆ. ಅದನ್ನು ಇನ್ನೊಬ್ಬರೆದುರು ಒಪ್ಪಿಕೊಂಡದ್ದು ಅದೇ ಮೊದಲು.

“ನಮ್ಮತ್ತಿ ಹೇಳಿದ್ದ ಹೇಳತಿದ್ದೆ ನಾನು. ನನಗೇನ ಗೊತ್ತಿತ್ತು? ಬರೇ ಪೀಠಕ್ಕ ನೀರ ಹಾಕಿ ಹಾಕಿ, ಇಲ್ಲಿ ಯಾರೂ ಇಲ್ಲೋ ಏನೋ ಅಂತ ಸಾಕಾಗಿತ್ತ. ನೀವು ಇಳದ ಬರೂವಾಗ ನಿಮ್ಮ ಮಾರಿ ನೋಡಿದೆ. ನಂಬಲಾರದಾಂವ ನಡುಗಾಕತ್ತಾನ ಅಂದ್ರ ಅದಾನ ಅಂತ ತಿಳಕೊಂಡೆ. ಅವತ್ತಿಂದ ದಿನಾ ಎತ್ತತೀನ್ರಿ. ನನಗ ಬರೇ ನೀರ. ಒಂದ ದಿನಾನೂ ಭಾರ ಆಗಲಿಲ್ಲ.” ಆಕೆ ನನ್ನ ಕಡೆ ತಿರುಗಿದಳು. “ಈಗ ಒಮ್ಮೆ ಎತ್ತಿ ಹೇಳ್ರಿ. ಅದಾನೋ, ಹೋಗ್ಯಾನೋ?”

ನಾನು ಎದ್ದು ಎರಡೂ ಕೈಯಿಂದ ಗಡಿಗೆ ಎತ್ತಿದೆ. ನೀರಿನ ತೂಕ, ಮಣ್ಣಿನ ತೂಕ, ಅದರ ಮೇಲೆ ಒಂದು ಗುಲಗಂಜಿಯೂ ಇಲ್ಲ. ಕಣ್ಣು ಮುಚ್ಚಿಯೂ ಹೇಳಬಲ್ಲ ತೂಕ. ನನಗೆ ನೆಮ್ಮದಿಯಾಗಬೇಕಿತ್ತು: ಬಿಸಿಲಿನ ಹೊಡೆತವೆಂಬ ನನ್ನ ತೀರ್ಮಾನ ಸರಿಯಾಗಿತ್ತು. ಎದುರಿಗೆ ಆಕೆ ಮಂಜುಗಣ್ಣು ಬಿಟ್ಟು ಕಾಯುತ್ತಿದ್ದಳು. ಇಷ್ಟು ವರ್ಷ ತುಂಬಿದ ನೀರೆಲ್ಲ ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

“ಭಾರ ಐತವ್ವ. ಭಾಳ ಭಾರ ಐತಿ” ಎಂದೆ, ಸೊಂಟ ಬಗ್ಗಿಸಿ, ಉಸಿರು ಕಟ್ಟಿ. ಮಾಲಿನ ಎದುರು ಮುಖ ಕೆಡಿಸಿಕೊಳ್ಳುವುದನ್ನು ಪೇಟೆ ನನಗೆ ಚೆನ್ನಾಗಿ ಕಲಿಸಿತ್ತು.

ಆಕೆ ಕೈ ಚಾಚಿದಳು. ಗಡಿಗೆಯನ್ನು ಅವಳ ಕೈಗೆ ಕೊಟ್ಟೆ. ಕೊಟ್ಟ ಕ್ಷಣ ಅವಳ ಎರಡೂ ಕೈ ಜಗ್ಗಿ ಕೆಳಗೆ ಹೋದವು. ಕುಕ್ಕರಿಸಿ, ಗಡಿಗೆಯನ್ನು ಮಡಿಲಿಗೆ ಒತ್ತಿಕೊಂಡು ನೆಲಕ್ಕೆ ಕೂತುಬಿಟ್ಟಳು. ಬೆರಳುಗಳು ಬಿಳುಪೇರಿದ್ದವು. ಆಮೇಲೆ ಮಲಗಿದ ಕೂಸಿನ ಹತ್ತಿರ ಮಾತಾಡುವ ದನಿಯಲ್ಲಿ, “ಹೌದ್ರಿ” ಎಂದಳು. ಅಷ್ಟೇ.

ಮುದುಕಿಯ ಕೈ ಸೋತಿರಬಹುದು. ನನ್ನ ಸುಳ್ಳು ತಿಳಿದು, ನನ್ನ ಮಾತು ಉಳಿಸಲು ಆಕೆಯೂ ನಟಿಸಿರಬಹುದು. ಅವಳು ಅಂಥ ಗಟ್ಟಿಗಿತ್ತಿಯೇ. ಇಲ್ಲವೇ ಅಂದು ನನಗಾದದ್ದೇ ಇಂದು ಅವಳಿಗೆ ಆಗಿರಬಹುದು. ಈ ಮೂರರಲ್ಲಿ ಯಾವುದೆಂದು ಇಂದಿಗೂ ನನಗೆ ತಿಳಿಯದು. ತಿಳಿದುಕೊಳ್ಳಲು ಏನೂ ಕಷ್ಟವಿರಲಿಲ್ಲ. ಗಡಿಗೆ ಕೈಯಳತೆಯಲ್ಲಿತ್ತು, ಬಗ್ಗಿ ಅವಳ ಮಡಿಲಿನಿಂದ ಇನ್ನೊಮ್ಮೆ ಎತ್ತಿ ನೋಡಿದ್ದರೆ ಸಾಕಿತ್ತು. ಜೀವಮಾನದಲ್ಲಿ ಎತ್ತಿ ನೋಡದೆ ಏನನ್ನೂ ಒಪ್ಪದ ನಾನು ಅದನ್ನು ಮುಟ್ಟಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಬರ್ತೀನವ್ವ ಎಂದು, ಬಂಡಿಯ ಕಡೆಗೆ ನಡೆದುಬಿಟ್ಟೆ.